ಹೊಸ ನೇಗಿಲನ್ನಲ್ಲ, ಹತ್ತು ಎಕರೆ ಉತ್ತ ನೇಗಿಲನ್ನು ಪರೀಕ್ಷಿಸಿ: ಒಂದು ಬಹಿರಂಗ ಪತ್ರ

ಇವರಿಗೆ,
ಕೃಷಿ ಉಪಕರಣಗಳ ವಿನ್ಯಾಸ, ಪರೀಕ್ಷೆ, ಖರೀದಿ ಮತ್ತು ಸಹಾಯಧನ ತೀರ್ಮಾನಿಸುವ ಅಧಿಕಾರಿಗಳು ಹಾಗೂ ಕೃಷಿ ಎಂಜಿನಿಯರುಗಳು,
ಬೆಂಗಳೂರು.

ವಿಷಯ: ಎತ್ತು ಹಾಗೂ ಸಣ್ಣ ಟ್ರ್ಯಾಕ್ಟರ್ ಎಳೆಯುವ ಕಬ್ಬಿಣದ ನೇಗಿಲಿನ ವಿನ್ಯಾಸವನ್ನು ತಿದ್ದುವ ಕುರಿತು.

ಮಾನ್ಯರೇ,

ನಾವು ಬೆಂಗಳೂರು ನಗರದಲ್ಲೂ ಸುತ್ತಲಿನ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ, ಕನಕಪುರ, ಆನೇಕಲ್ ಕಡೆಗಳಲ್ಲೂ ನೇಗಿಲು ಮಾಡುವ, ರಿಪೇರಿ ಮಾಡುವ ಕೆಲಸದವರು. ಕುಲುಮೆಯವರು, ವೆಲ್ಡಿಂಗ್ ಶೆಡ್ಡಿನವರು, ಲೇತ್ ಕೆಲಸದವರು ಸೇರಿ ಈ ಪತ್ರ ಬರೆದಿದ್ದೇವೆ. ಯಾವ ಕಂಪನಿಯ ನೇಗಿಲು, ಯಾವ ಹೋಬಳಿಯಲ್ಲಿ ವಿತರಣೆಯಾದದ್ದು ಎಂಬ ಹೆಸರುಗಳನ್ನು ಇಲ್ಲಿ ಎತ್ತಿಲ್ಲ. ಒಬ್ಬರ ಹೆಸರು ಹೇಳಿದರೆ ಅದು ಅವರೊಬ್ಬರ ತಪ್ಪು ಎಂದಾಗುತ್ತದೆ. ಬೇರೆ ಬೇರೆ ಕಡೆ ತಯಾರಾದ ನೇಗಿಲುಗಳು ಒಂದೇ ಜಾಗದಲ್ಲಿ ಸವೆದು, ಒಂದೇ ಜಾಗದಲ್ಲಿ ಸಡಿಲಗೊಂಡು, ಒಂದೇ ಜಾಗದಲ್ಲಿ ಬಿರುಕು ಬಿಟ್ಟು ನಮ್ಮ ಅಂಗಳಕ್ಕೆ ಬರುತ್ತಿವೆ. ಅಂದಮೇಲೆ ತಪ್ಪು ಇರುವುದು ನಕ್ಷೆಯಲ್ಲಿ.

ದೂರು ಇಷ್ಟು. ಮಣ್ಣು ಮಗುಚುವ ರೆಕ್ಕೆ, ಅಂದರೆ ಬಾಗಿದ ಪ್ಲೇಟು, ಇರುವ ಕಬ್ಬಿಣದ ನೇಗಿಲು ಮೊದಲ ಎಕರೆಯಲ್ಲಿ ಚೆನ್ನಾಗಿ ಉಳುತ್ತದೆ. ಐದಾರು ಎಕರೆ ಆಗುವಷ್ಟರಲ್ಲಿ ನೆಲ ಹಿಡಿಯುವುದನ್ನು ಬಿಟ್ಟು ಮೇಲೆ ಮೇಲೆ ಜಾರತೊಡಗುತ್ತದೆ. ಉಳುವವರು ಮೇಳಿಯ (ಹಿಡಿಕೆಯ) ಮೇಲೆ ಮೈಭಾರ ಹಾಕುತ್ತಾರೆ. ಹಾಗೆ ಒತ್ತಿದಷ್ಟೂ ಹಿಂಭಾಗ ಊರಿಕೊಂಡು ಮೂತಿ ಇನ್ನಷ್ಟು ಮೇಲೇಳುತ್ತದೆ. ಆಮೇಲೆ ನೇಗಿಲಿಗೆ ಕಲ್ಲು ಕಟ್ಟುತ್ತಾರೆ. ಅದೂ ಸಾಗದಾಗ ಅದನ್ನು ಕೊಟ್ಟಿಗೆಯ ಮೂಲೆಗೆ ಒರಗಿಸಿ ಬಾಡಿಗೆ ಕಲ್ಟಿವೇಟರ್ ಕರೆಸುತ್ತಾರೆ. ತಯಾರಕರಿಗೆ ಈ ದೂರು ಮುಟ್ಟಿದಾಗ ಅವರು ಕೊಡುವ ಉತ್ತರ ಒಂದೇ: ಮುಂದಿನ ವರ್ಷದ ಮಾದರಿಗೆ ಇನ್ನೂ ದಪ್ಪ ಪ್ಲೇಟು. ರೆಕ್ಕೆಯ ವಿಸ್ತಾರ 40 ಸೆಂ.ಮೀ.ಗೆ 30 ಸೆಂ.ಮೀ. ಎಂದು ಹಿಡಿದರೆ, ದಪ್ಪವನ್ನು 5 ಮಿ.ಮೀ.ಯಿಂದ 8ಕ್ಕೆ ಏರಿಸುವುದೆಂದರೆ ಸುಮಾರು 2.8 ಕಿಲೋ ಕಬ್ಬಿಣ ಹೆಚ್ಚುವರಿ. ಅದು ಎತ್ತಿಗೆ ಭಾರ, ಹೊತ್ತೊಯ್ಯುವ ಹೆಗಲಿಗೆ ಭಾರ. ನೇಗಿಲು ಜಾರುವ ಕಾರಣಕ್ಕೂ ಆ ದಪ್ಪಕ್ಕೂ ಸಂಬಂಧವೇ ಇಲ್ಲ.

ಏಕೆಂದರೆ ನೇಗಿಲು ನೆಲಕ್ಕಿಳಿಯುವುದು ತೂಕದಿಂದಲ್ಲ. ನೇಗಿಲನ್ನು ಸಪಾಟು ನೆಲದ ಮೇಲೆ ಉಳುವ ಭಂಗಿಯಲ್ಲಿ ಇಟ್ಟರೆ ಕುಳದ (ನೆಲ ಸೀಳುವ ಅಲಗಿನ) ತುದಿ ಮತ್ತು ಲ್ಯಾಂಡ್‌ಸೈಡ್ ಪಟ್ಟಿಯ (ಉಳದ ನೆಲದ ಕಡೆ ಸಾಲಿನ ಗೋಡೆಗೆ ಒರಗಿ ಸಾಗುವ ಪಟ್ಟಿಯ) ಹಿಂತುದಿ, ಅಂದರೆ ಹಿಮ್ಮಡಿ, ಇವೆರಡು ನೆಲ ಮುಟ್ಟಬೇಕು. ನಡುವಿನ ತಳ 3ರಿಂದ 5 ಮಿ.ಮೀ. ಮೇಲೆ ನಿಲ್ಲಬೇಕು. ಎಂಜಿನಿಯರುಗಳು ವರ್ಟಿಕಲ್ ಸಕ್ಷನ್ ಎನ್ನುವುದು ಇದನ್ನೇ. ಈ ಪತ್ರದಲ್ಲಿ ತಳದ ಸಂದು ಎನ್ನುತ್ತೇವೆ. ಕುಳ ಕೆಳಮುಖವಾಗಿ ನೆಲ ಕಚ್ಚುವುದು ಈ ಸಂದಿನಿಂದ. ಪಕ್ಕದಲ್ಲೂ ಇಂಥದೇ ಸುಮಾರು 5 ಮಿ.ಮೀ. ಸಂದು ಇದ್ದರೆ ಕುಳ ಉಳದ ನೆಲದ ಕಡೆಗೆ ಕಚ್ಚಿಕೊಂಡು ಪೂರ್ತಿ ಅಗಲದ ಪಟ್ಟೆಯನ್ನು ಕತ್ತರಿಸುತ್ತದೆ. ಉಳುವಾಗ ಕುಳದ ತುದಿಯ ಅಡಿಭಾಗ ಮಣ್ಣಿಗೆ ತಿಕ್ಕಿ ದುಂಡಗಾಗುತ್ತದೆ, ಹಿಮ್ಮಡಿ ಸವೆದು ಮೇಲೆ ಸರಿಯುತ್ತದೆ, ಸಂದು ಮುಚ್ಚಿಹೋಗುತ್ತದೆ. ಕಳೆದುಹೋದದ್ದು ಮೂರು ನಾಲ್ಕು ಮಿಲಿಮೀಟರು ಮಾತ್ರ. ಕುಳ ನೋಡಲು ಇನ್ನೂ ಮುಕ್ಕಾಲು ಪಾಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ನೇಗಿಲು ಆಗಲೇ ಸತ್ತಿರುತ್ತದೆ.

ಇದನ್ನು ನೋಡಲು ಪ್ರಯೋಗಾಲಯ ಬೇಡ. ಒಂದು ಗ್ರಾನೈಟ್ ಚಪ್ಪಡಿಯ ಮೇಲೆ ನೇಗಿಲಿಟ್ಟು ಲ್ಯಾಂಡ್‌ಸೈಡ್ ಪಟ್ಟಿಯ ನಡುವೆ ಡ್ರಿಲ್ ಬಿಟ್ ತೂರಿಸಿದರೆ ಸಾಕು. 3 ಮಿ.ಮೀ. ಬಿಟ್ ಸಲೀಸಾಗಿ ನುಗ್ಗಬೇಕು, 6 ಮಿ.ಮೀ. ಬಿಟ್ ನುಗ್ಗಬಾರದು. ಜಾರುತ್ತದೆ ಎಂದು ರಿಪೇರಿಗೆ ಬರುವ ನೇಗಿಲುಗಳಲ್ಲಿ 3 ಮಿ.ಮೀ. ಬಿಟ್ ನುಗ್ಗುವುದು ಅಪರೂಪ. ಕೆಲವು ಹೊಸ ನೇಗಿಲುಗಳಲ್ಲೂ ನುಗ್ಗುವುದಿಲ್ಲ, ಏಕೆಂದರೆ ಜೋಡಣೆಗೆ ಜಿಗ್ (ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಇಲ್ಲದೆ ಕಣ್ಣಂದಾಜಿನಲ್ಲಿ ವೆಲ್ಡ್ ಮಾಡಿದಾಗ ಬಿಸಿಗೆ ಪಟ್ಟಿ ಎಳೆದುಕೊಂಡು ಬಾಗಿರುತ್ತದೆ. ಇನ್ನೊಂದು ಕಡೆ, ಸಂದು ಅತಿಯಾದರೂ ತೊಂದರೆಯೇ. ನೇಗಿಲು ಮುಗ್ಗರಿಸಿದಂತೆ ಆಳಕ್ಕೆ ಇಳಿದು ಎತ್ತು ನಿಂತುಬಿಡುತ್ತದೆ.

ಆದ್ದರಿಂದ ಮೊದಲ ತಿದ್ದುಪಡಿ ಹಿಮ್ಮಡಿಯಲ್ಲಿ. ಈಗ ಲ್ಯಾಂಡ್‌ಸೈಡ್ ಪಟ್ಟಿಯನ್ನು ಫ್ರಾಗ್‌ಗೆ (ಕುಳ, ರೆಕ್ಕೆ, ಪಟ್ಟಿಗಳನ್ನು ಹಿಡಿದಿಡುವ ನಡುತುಂಡಿಗೆ) ಉದ್ದಕ್ಕೂ ವೆಲ್ಡ್ ಮಾಡಿರುತ್ತಾರೆ. ಹಿಂತುದಿ ಎರಡು ಬೆರಳಗಲ ಸವೆದರೆ ಇಡೀ ಪಟ್ಟಿಯನ್ನು ಗ್ಯಾಸ್‌ನಲ್ಲಿ ಕತ್ತರಿಸಿ ತೆಗೆಯಬೇಕು. ಆ ಬಿಸಿಗೆ ಫ್ರಾಗ್ ಕೂಡ ಸೊಟ್ಟಗಾಗುತ್ತದೆ. ಇದರ ಬದಲು ಹಿಮ್ಮಡಿಯನ್ನು ಬೇರೆ ತುಂಡಾಗಿ ಮಾಡಿ, ಮೇಲೆ ಕೆಳಗೆ ಸರಿಸಬಹುದಾದ ಉದ್ದ ತೂತುಗಳಲ್ಲಿ ಎರಡು ಬೋಲ್ಟ್ ಹಾಕಿ ಕೂರಿಸಬಹುದು. ಸವೆದಂತೆಲ್ಲ ಸ್ಪ್ಯಾನರ್ ಹಿಡಿದು ಒಂದೆರಡು ಮಿಲಿಮೀಟರ್ ಕೆಳಗಿಳಿಸಿದರೆ ಸಂದು ಮರಳಿ ಬರುತ್ತದೆ. ಪೂರ್ತಿ ಸವೆದಾಗ ಬದಲಿಸಬೇಕಾದದ್ದು ಅಂಗೈ ಅಗಲದ ಒಂದು ತುಂಡು ಮಾತ್ರ.

ಇನ್ನು ಕುಳದ ಉಕ್ಕು. ಈ ವಿಷಯದಲ್ಲಿ ನಮಗೆ ನಿಜಕ್ಕೂ ಸಂಕಟವಾಗುತ್ತದೆ. ರಿಪೇರಿಗೆ ಬರುವ ಎಷ್ಟೋ ಕುಳಗಳು ಸಾಮಾನ್ಯ ಎಂಎಸ್ (ಮೆದು ಉಕ್ಕಿನ) ಪ್ಲೇಟಿನಿಂದ ಕತ್ತರಿಸಿದವು. ಎಂಎಸ್‌ನಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕೆಂಪಗೆ ಕಾಸಿ ನೀರಿಗೆ ಅದ್ದಿದರೂ ಕುಳಕ್ಕೆ ಬೇಕಾದ ಗಡಸುತನ ಬರುವುದಿಲ್ಲ. ಅರ ಹಾಕಿ ಉಜ್ಜಿದರೆ ಸುಲಭವಾಗಿ ಕಚ್ಚುತ್ತದೆ. ಅರ ಕಚ್ಚುವ ಕುಳವನ್ನು ಮಣ್ಣೂ ಕಚ್ಚುತ್ತದೆ. ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರಿನ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಹರಳುಗಳು ತುಂಬಿವೆ. ಬೆಣಚು ಯಾವುದೇ ಕುಳದ ಉಕ್ಕಿಗಿಂತ ಗಡಸು. ಹಾಗಾಗಿ ಸವೆತವನ್ನು ನಿಲ್ಲಿಸಲಾಗದು, ನಿಧಾನಗೊಳಿಸಬಹುದು. ಕುಳಕ್ಕೆ ಶೇ. 0.70ರಿಂದ 0.80 ಇಂಗಾಲ, ಶೇ. 0.50ರಿಂದ 0.80 ಮ್ಯಾಂಗನೀಸ್ ಇರುವ ಉಕ್ಕು ಬೇಕೆಂಬುದು ಕೃಷಿ ಎಂಜಿನಿಯರಿಂಗ್ ಓದಿದ ಎಲ್ಲರಿಗೂ ಗೊತ್ತು. ಇಂದು ಅದಕ್ಕಿಂತ ಅನುಕೂಲವಾದ ಬೋರಾನ್ ಉಕ್ಕೂ ಇದೆ. ಅದರಲ್ಲಿ ಬೋರಾನ್ ಇರುವುದು ಶೇಕಡಾ ಒಂದರ ಸಾವಿರದ ಕೆಲವು ಪಾಲು ಮಾತ್ರ. ಅಷ್ಟರಿಂದಲೇ ಉಕ್ಕು ಒಳಗಿನವರೆಗೂ ಸಮನಾಗಿ ಹದಗೊಳ್ಳುತ್ತದೆ. ಪಾಠದಲ್ಲಿ ಇರುವ ಈ ಅಂಕಿ ಖರೀದಿಯ ಕಾಗದದಲ್ಲಿ ಏಕೆ ಇಲ್ಲ? "ಉತ್ತಮ ಗುಣಮಟ್ಟದ ಉಕ್ಕು" ಎಂಬ ಸಾಲಿಗೆ ಕುಲುಮೆಯಲ್ಲಿ ಯಾವ ಅರ್ಥವೂ ಇಲ್ಲ.

ಹಳ್ಳಿಯ ಕುಲುಮೆಯವರು ಇದಕ್ಕೆ ಕಂಡುಕೊಂಡ ದಾರಿ ಹಳೆಯ ಲಾರಿಯ ಕಮಾನು ಪಟ್ಟಿ. ಅದರಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟಿರುತ್ತದೆ, ಎಂಎಸ್‌ಗಿಂತ ಎಷ್ಟೋ ಮೇಲು. ಆದರೆ ಹದ ಹಾಕುವಾಗ ಎರಡು ತಪ್ಪು ನಡೆಯುತ್ತವೆ. ಒಂದು, ನೀರಿಗೆ ಅದ್ದುವುದು. ಕಮಾನು ಪಟ್ಟಿಗೆ ನೀರಿನ ತಣಿಪು ತೀರಾ ಜೋರು. ಕೂದಲೆಳೆಯಷ್ಟು ಬಿರುಕು ಒಳಗೇ ಬಿದ್ದು, ಮೊದಲ ಕಲ್ಲಿಗೆ ತಾಗಿದಾಗ ತುದಿ ಹಾರಿಹೋಗುತ್ತದೆ. ಎಣ್ಣೆಯೇ ಆಗಬೇಕು. ಎರಡು, ಎಣ್ಣೆಯಿಂದ ತೆಗೆದ ಮೇಲೆ ಮತ್ತೆ ಕಾಸದೆ ಹಾಗೇ ಬಿಡುವುದು. ಸರಿಯಾದ ಕ್ರಮ ಹೀಗೆ: ಅಯಸ್ಕಾಂತ ಹಿಡಿಯುವುದನ್ನು ಬಿಡುವವರೆಗೆ, ಅಂದರೆ ಸುಮಾರು 770 ಡಿಗ್ರಿವರೆಗೆ ಕಾಸಬೇಕು, ಅಲ್ಲಿಂದ ಇನ್ನೊಂದು ಮಟ್ಟ ಮೇಲಕ್ಕೆ, 830ರಿಂದ 860 ಡಿಗ್ರಿಗೆ ಒಯ್ದು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಆಮೇಲೆ ಅಂಚು ಕೆಳಗಾಗಿ ಎಣ್ಣೆಗೆ ಇಳಿಸಿ, ಅಲುಗಾಡಿಸುತ್ತಾ ತಣಿಸಬೇಕು. ಒಂದು ಜಾಗವನ್ನು ಉಜ್ಜಿ ಹೊಳಪು ತಂದು, ಹಿಂಬದಿಯಿಂದ ನಿಧಾನವಾಗಿ ಕಾಸುತ್ತಾ ಹೋದರೆ ಮೊದಲು ಹುಲ್ಲಿನ ಬಣ್ಣ, ಕಂದು, ನೇರಳೆ, ಕೊನೆಗೆ ನೀಲಿ ಏರುತ್ತದೆ. 300 ಡಿಗ್ರಿಯ ಆಸುಪಾಸಿನ ಆ ನೀಲಿ ಅಂಚಿಗೆ ಮುಟ್ಟಿದಾಗ ನಿಲ್ಲಿಸಬೇಕು. ಬೋಲ್ಟ್ ತೂತುಗಳ ಕಡೆ ಗಡಸಾಗಬಾರದು. ಅಲ್ಲಿ ಗಡಸಾದರೆ ತೂತಿನಿಂದಲೇ ಸೀಳುತ್ತದೆ. ಇನ್ನೊಂದು ಎಚ್ಚರ: ವರ್ಷಗಟ್ಟಲೆ ಲಾರಿಯಡಿ ಕುಣಿದ ಪಟ್ಟಿಯಲ್ಲಿ ಮೊದಲೇ ಬಿರುಕುಗಳಿರಬಹುದು. ಕತ್ತರಿಸುವ ಮೊದಲು ತುಕ್ಕು ಉಜ್ಜಿ ನೋಡಬೇಕು.

ಇಷ್ಟನ್ನು ಪ್ರತಿ ಕುಲುಮೆಯೂ ಪ್ರತಿ ಕುಳಕ್ಕೂ ಮಾಡಲಿ ಎಂದು ನಾವು ಕೇಳುತ್ತಿಲ್ಲ. ಬೆಂಗಳೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವ ಘಟಕಗಳಿವೆ, ಗಡಸುತನ ಅಳೆಯುವ ಯಂತ್ರಗಳಿವೆ, ಲೇಸರ್ ಕಟಿಂಗ್ ಇದೆ. ಗೇರು, ಶಾಫ್ಟುಗಳಿಗೆ ದಿನವೂ ಮಾಡುವ ಕೆಲಸವನ್ನೇ ಅವರು ಕುಳಕ್ಕೂ ಮಾಡಬಲ್ಲರು. ಸಾವಿರ ಕುಳಗಳನ್ನು ಒಟ್ಟಿಗೆ ಹದ ಮಾಡಿಸಿ, ಪ್ರತಿಯೊಂದರ ಮೇಲೂ ಉಕ್ಕಿನ ದರ್ಜೆ, ಗಡಸುತನದ ಅಂಕಿ, ತಯಾರಾದ ವರ್ಷವನ್ನು ಪಂಚ್ ಮಾಡಿ ಕೊಡಲು ಅಡ್ಡಿ ಏನೂ ಇಲ್ಲ. ಅಡ್ಡಿ ಇರುವುದು, ಅದನ್ನು ಯಾರೂ ಕೇಳದೆ ಇರುವುದರಲ್ಲಿ.

ಕುಳದ ಅಂಚಿನ ಮೇಲೆ ಗಡಸು ವೆಲ್ಡಿಂಗ್ ಎಳೆಯುವ ರೂಢಿಯೂ ಬೆಳೆದಿದೆ. ಒಳ್ಳೆಯದೇ, ಆದರೆ ಮೇಲೂ ಕೆಳಗೂ ಎರಡೂ ಮುಖಕ್ಕೆ ಎಳೆದುಬಿಡುತ್ತಾರೆ. ಎರಡೂ ಕಡೆ ಸಮನಾಗಿ ಗಡಸಾದರೆ ಅಂಚು ಮೊಂಡಾಗಿಯೇ ಉಳಿಯುತ್ತದೆ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರಾಬರ್ಟ್ ರ‍್ಯಾನ್ಸಮ್ 1803ರಲ್ಲಿ ಮಾಡಿದ ಎರಕದ ಕುಳದ ಗುಟ್ಟು ಇದೇ ಆಗಿತ್ತು: ಅಚ್ಚಿನ ಅಡಿಗೆ ಕಬ್ಬಿಣ ಇಟ್ಟು ಕುಳದ ತಳವನ್ನು ಮಾತ್ರ ಬೇಗ ತಣಿಸಿ ಗಡಸು ಮಾಡಿದರು. ಮೇಲ್ಮುಖ ಮೆತ್ತಗಿದ್ದು ಬೇಗ ಸವೆಯಿತು, ತಳದ ತೆಳು ಗಡಸು ಪದರ ಅಂಚಾಗಿ ಉಳಿಯಿತು. ಉಳುತ್ತಾ ಉಳುತ್ತಾ ಕುಳ ತಾನೇ ಹರಿತವಾಗುತ್ತಿತ್ತು. ನಮ್ಮ ಮಣ್ಣಿನಲ್ಲೂ ತಳವೇ ದುಂಡಗಾಗುವುದರಿಂದ ಗಡಸು ವೆಲ್ಡಿಂಗ್ ತಳದಲ್ಲಿ, ಒಂದು ಅಂಗುಲ ಅಗಲಕ್ಕೆ, ಒಂದೂವರೆಯಿಂದ ಎರಡು ಮಿ.ಮೀ. ದಪ್ಪಕ್ಕೆ ಮಾತ್ರ ಇರಲಿ. ವೆಲ್ಡಿಂಗ್ ಬಿಸಿಗೆ ಹದ ಇಳಿಯುವುದರಿಂದ ಇದು ಹದ ಹಾಕುವ ಮೊದಲೇ ಕಾರ್ಖಾನೆಯಲ್ಲಿ ಆಗಬೇಕಾದ ಕೆಲಸ.

ಗರಸು ನೆಲಕ್ಕೆ ಇನ್ನೊಂದು ಉಪಾಯವಿದೆ. ಕುಳದ ತುದಿಯ ಬದಲು 20 ಮಿ.ಮೀ. ಚೌಕದ ಉಕ್ಕಿನ ಸರಳನ್ನು ಫ್ರಾಗ್‌ನೊಳಗಿನಿಂದ ಮುಂದಕ್ಕೆ ಚಾಚಿ, ಬೆಣೆ ಹೊಡೆದು ಬಿಗಿಯುವುದು. ಸವೆದಂತೆ ಬೆಣೆ ಸಡಿಲಿಸಿ ಒಂದು ಅಂಗುಲ ಮುಂದೆ ತಳ್ಳಬಹುದು, ಒಂದು ತುದಿ ಮುಗಿದರೆ ತಿರುಗಿಸಿ ಇನ್ನೊಂದು ತುದಿ ಬಳಸಬಹುದು. ಕಲ್ಲಿಗೆ ಬಡಿದಾಗ ಪೆಟ್ಟು ತಿನ್ನುವುದು ಸರಳು, ಕುಳವಲ್ಲ. ಕೃಷಿ ಎಂಜಿನಿಯರುಗಳಿಗೆ ಇದು ಹೊಸದೇನಲ್ಲ. ಬೆಂಗಳೂರಿನ ಸುತ್ತಲಿನ ನೆಲಕ್ಕೆ ಇದೇ ಸರಿಯಾದ ಕುಳ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಂಗಡಿಗಳಲ್ಲಿ ಮಾತ್ರ ಇದು ಸಿಗುತ್ತಿಲ್ಲ.

ಎಳೆತದ ಲೆಕ್ಕಕ್ಕೆ ಬರೋಣ. ಒಂದು ಜೊತೆ ಎತ್ತು ತಲಾ 350 ಕಿಲೋ ಇದ್ದರೆ, ದಣಿಯದೆ ಗಂಟೆಗಟ್ಟಲೆ ಎಳೆಯಬಲ್ಲದ್ದು ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 70 ಕಿಲೋ ಬಲ. 15 ಸೆಂ.ಮೀ. ಅಗಲ, 15 ಸೆಂ.ಮೀ. ಆಳ ಉಳುವ ನೇಗಿಲು ಕತ್ತರಿಸುವುದು 225 ಚದರ ಸೆಂ.ಮೀ. ಮಣ್ಣು. ಹದವಿರುವ ಮರಳುಮಿಶ್ರಿತ ಗೋಡುಮಣ್ಣಿಗೆ ಚದರ ಸೆಂ.ಮೀ.ಗೆ 0.3 ಕಿಲೋ ಹಿಡಿದರೆ 67 ಕಿಲೋ. ಸರಿಯಾಗಿ ಎತ್ತಿನ ಶಕ್ತಿಯ ಅಂಚಿನಲ್ಲೇ ನಿಂತಿದೆ. ಅಗಲವನ್ನು 20 ಸೆಂ.ಮೀ. ಮಾಡಿದರೆ 90 ಕಿಲೋ. ಎತ್ತು ಬಾಯಿ ತೆರೆದು ನಿಲ್ಲುತ್ತದೆ. 8 ಇಂಚಿನ ನೇಗಿಲಾದರೆ ಎಕರೆಗೆ 27 ಕಿ.ಮೀ. ನಡೆಯುವ ಬದಲು 20 ಕಿ.ಮೀ. ನಡೆದರೆ ಸಾಕು ಎಂಬುದು ನಿಜ. ಆ ಆಸೆಗೆ ಬಿದ್ದು ಮಾಡಿದ ದೊಡ್ಡ ನೇಗಿಲುಗಳು ನಾಟಿ ಎತ್ತುಗಳಿಗೆ ಹೊಂದುವುದಿಲ್ಲ. ಮೊಂಡು ಕುಳ ಹಾಕಿದರೆ ಎಳೆತ ಇನ್ನೂ ಏರುತ್ತದೆ. ಹಾಗಾಗಿ ಎತ್ತಿನ ನೇಗಿಲಿಗೆ 15 ಸೆಂ.ಮೀ. ಅಗಲವನ್ನೇ ಮಿತಿಯಾಗಿಟ್ಟು, ಕಬ್ಬಿಣದ ತೂಕಕ್ಕೂ ಒಂದು ಗರಿಷ್ಠ ಮಿತಿ ಹಾಕಿ ಎಂದು ಕೋರುತ್ತೇವೆ. ರಾಗಿ ಹೊಲಕ್ಕೆ ಪ್ರತಿ ವರ್ಷ 15 ಸೆಂ.ಮೀ.ಗಿಂತ ಆಳ ಮಗುಚುವ ಅಗತ್ಯವೂ ಇಲ್ಲ. ಮಳೆಯಾಶ್ರಿತ ನೆಲದಲ್ಲಿ ಅನಗತ್ಯವಾಗಿ ತಿರುವಿದ ಮಣ್ಣು ತನ್ನ ತೇವವನ್ನು ಬಿಸಿಲಿಗೆ ಕೊಡುತ್ತದೆ.

ಈಗ ಯಾರೂ ಗಮನಿಸದ, ಆದರೆ ನಮ್ಮ ಲೆಕ್ಕದಲ್ಲಿ ಅತಿ ಮುಖ್ಯವಾದ ಜಾಗ: ಈಸು (ನೇಗಿಲನ್ನು ನೊಗಕ್ಕೆ ಸೇರಿಸುವ ಉದ್ದ ಮರ) ಮತ್ತು ಕಬ್ಬಿಣದ ಒಡಲು ಕೂಡುವ ಕೀಲು. ಈಸು ಮರದ್ದು. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಬೋಲ್ಟ್ ತೂತು ದಿನದಿನಕ್ಕೆ ಉದ್ದವಾಗುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ತುಸು ಸಡಿಲ ಅನ್ನಿಸುತ್ತದೆ, ಅಷ್ಟೆ. ಆ ತುಸು ಎಷ್ಟು ಎಂದು ಅಳೆಯೋಣ. ಕುಳದ ತುದಿಯಿಂದ ಹಿಮ್ಮಡಿಗೆ 40 ಸೆಂ.ಮೀ. ಇದ್ದರೆ, ಒಂದೇ ಒಂದು ಡಿಗ್ರಿ ಸಡಿಲವೆಂದರೆ ತುದಿಯಲ್ಲಿ 7 ಮಿ.ಮೀ. ಅಷ್ಟು ಪಾಡುಪಟ್ಟು ಕಾಯ್ದುಕೊಂಡ 3ರಿಂದ 5 ಮಿ.ಮೀ. ಸಂದು ಅಲ್ಲೇ ಮುಗಿಯಿತು. ಇತ್ತ ನೊಗದ ಕಡೆ ನೋಡಿದರೆ, 2.8 ಮೀಟರ್ ಉದ್ದದ ಈಸಿನಲ್ಲಿ ಅದೇ ಒಂದು ಡಿಗ್ರಿ ಸುಮಾರು 5 ಸೆಂ.ಮೀ. ಏರಿಳಿತ. ಉಳುಮೆಯ ಆಳ ಒಂದೇ ಸಾಲಿನಲ್ಲಿ ಅಲ್ಲಿ ಆರಿಂಚು, ಇಲ್ಲಿ ನಾಲ್ಕಿಂಚು ಆಗುವುದು ಇದರಿಂದಲೇ. ಉಳುವವರ ಕೈ ಸರಿ ಇಲ್ಲ ಎಂದು ದೂರುವುದು ಅನ್ಯಾಯ.

ಎತ್ತಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎತ್ತರದ ಎತ್ತು ಕಟ್ಟಿದರೆ ಈಸಿನ ಮುಂತುದಿ ಮೇಲೇರಿ ಕುಳದ ಮೂತಿ ಎತ್ತಿಕೊಳ್ಳುತ್ತದೆ. ಕುಳ್ಳ ಎತ್ತಿಗೆ ಮೂತಿ ತಗ್ಗುತ್ತದೆ. ಮರದ ನೇಗಿಲಿನ ಕಾಲದಿಂದ ರೈತರು ಇದನ್ನು ಈಸಿನ ಕಚ್ಚುಗಳಲ್ಲಿ ಸರಿಪಡಿಸುತ್ತಾ ಬಂದಿದ್ದಾರೆ: ನೊಗವನ್ನು ಮುಂದಿನ ಕಚ್ಚಿಗೆ ಕಟ್ಟಿದರೆ ಆಳ, ಹಿಂದಿನ ಕಚ್ಚಿಗೆ ಕಟ್ಟಿದರೆ ಮೇಲುಮೇಲು. ಕಬ್ಬಿಣದ ಒಡಲಿಗೆ ಈಸನ್ನು ಒಂದೇ ಕೋನದಲ್ಲಿ ಬಿಗಿದ ಮೇಲೆ ಸೂಕ್ಷ್ಮವಾಗಿ ಹೊಂದಿಸುವ ದಾರಿಯೇ ಇಲ್ಲ. ಕೆಲವು ಮಾದರಿಗಳಲ್ಲಿ ತೂತುಗಳ ಸಾಲು ಕೊಟ್ಟಿದ್ದಾರೆ. ಆದರೆ 20 ಸೆಂ.ಮೀ. ತ್ರಿಜ್ಯದಲ್ಲಿ 20 ಮಿ.ಮೀ.ಗೊಂದು ತೂತು ಎಂದರೆ ಒಂದು ತೂತಿಗೆ ಸುಮಾರು 6 ಡಿಗ್ರಿ. ಒಂದು ಡಿಗ್ರಿಯೇ ಇಷ್ಟು ಕೆಲಸ ಕೆಡಿಸುವಾಗ ಆರು ಡಿಗ್ರಿಯ ಮೆಟ್ಟಿಲು ಯಾವ ಉಪಯೋಗಕ್ಕೆ?

ನಮ್ಮ ಸಲಹೆ ತಿರುಪಿನ ಹೊಂದಾಣಿಕೆ. ಕೀಲಿನ ಬೋಲ್ಟಿನಿಂದ 20 ಸೆಂ.ಮೀ. ದೂರದಲ್ಲಿ ಎಂ16 (16 ಮಿ.ಮೀ.) ಐ-ಬೋಲ್ಟ್, ಅಂದರೆ ತಲೆಯಲ್ಲಿ ಬಳೆಯಿರುವ ಬೋಲ್ಟ್, ಒಂದನ್ನು ಎರಡು ಕಡೆ ನಟ್ ಹಾಕಿ ಬಿಗಿದರೆ, ನಟ್ಟಿನ ಒಂದು ಸುತ್ತಿಗೆ 2 ಮಿ.ಮೀ., ಅಂದರೆ ಅರ್ಧ ಡಿಗ್ರಿಗೆ ಸ್ವಲ್ಪ ಹೆಚ್ಚು ಬದಲಾವಣೆ. ರೈತರು ಹೊಲದಲ್ಲೇ ಒಂದು ಸ್ಪ್ಯಾನರಿನಲ್ಲಿ ಮಾಡಿಕೊಳ್ಳಬಹುದು. ಮಣ್ಣು ಮೆತ್ತಿ ತಿರುಪು ಹಿಡಿದುಕೊಳ್ಳುತ್ತದೆ ಎಂಬ ಆಕ್ಷೇಪ ಸರಿಯೇ. ಅದಕ್ಕೆ ಈಸಿನ ಮೇಲ್ಬದಿಯಲ್ಲಿ ಕೂರಿಸಿ, ಮೇಲೆ ಪೈಪಿನ ತುಂಡು ತೊಡಿಸಿ, ವರ್ಷಕ್ಕೊಮ್ಮೆ ಗ್ರೀಸ್ ಹಚ್ಚಿದರೆ ಸಾಕು. ಮರದ ತೂತಿಗೆ ಕಬ್ಬಿಣದ ಬುಶ್ ಹಾಕಿ, ಎರಡೂ ಪಕ್ಕ ಅಗಲ ವಾಷರ್ ಕೊಟ್ಟರೆ ತೂತು ಉದ್ದವಾಗುವುದು ನಿಲ್ಲುತ್ತದೆ. ಇಡೀ ನೇಗಿಲಿನಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಕೊಡುವ ಬದಲಾವಣೆ ಇದು.

ಸರಪಳಿ ಕಟ್ಟಿ ಎಳೆಯುವ ಗಿಡ್ಡ ಈಸಿನ ನೇಗಿಲಿಗೆ ಮುಂದಿನ ಕೊಂಡಿಯಲ್ಲಿ ಮೇಲೆ ಕೆಳಗೂ ಎಡ ಬಲಕ್ಕೂ ತೂತುಗಳಿರಬೇಕು. ಸರಪಳಿಯನ್ನು ಮೇಲಿನ ತೂತಿಗೆ ಹಾಕಿದರೆ ನೇಗಿಲು ಆಳಕ್ಕೆ, ಕೆಳಗಿನದಕ್ಕೆ ಹಾಕಿದರೆ ಮೇಲಕ್ಕೆ ಹೋಗುತ್ತದೆ. ಬಲಕ್ಕೆ ಮಣ್ಣು ಮಗುಚುವ ನೇಗಿಲಿನಲ್ಲಿ ಬಲಕ್ಕೆ ಸರಿಸಿದರೆ ಸಾಲು ಅಗಲ, ಎಡಕ್ಕೆ ಸರಿಸಿದರೆ ಕಿರಿದು. ಇಷ್ಟನ್ನು ಚಿತ್ರಸಹಿತ ನೇಗಿಲಿನ ಮೇಲೇ ಒಂದು ತಗಡಿನಲ್ಲಿ ಅಚ್ಚೊತ್ತಿ, ಕನ್ನಡದಲ್ಲಿ, ಅಂಟಿಸಿ ಕೊಡಬಹುದು. ಈಗ ಅಂಟಿಸಿರುವುದು ಯೋಜನೆಯ ಹೆಸರು ಮಾತ್ರ.

ಬೋಲ್ಟ್ ತೂತುಗಳ ಗೊಂದಲ ಹೇಳತೀರದು. ಒಬ್ಬರ ಕುಳ ಇನ್ನೊಬ್ಬರ ಒಡಲಿಗೆ ಕೂರುವುದಿಲ್ಲ. ತೂತಿನ ಅಂತರ ಐದಾರು ಮಿ.ಮೀ. ಆಚೀಚೆ, ಒಂದು ಕಡೆ ಮೂರು ಸೂತಿನ (3/8 ಅಂಗುಲದ) ಬೋಲ್ಟ್, ಇನ್ನೊಂದು ಕಡೆ ಎಂ10 (10 ಮಿ.ಮೀ.). ತಯಾರಕರು ಅಂಗಡಿ ಮುಚ್ಚಿದರೆ ಆ ನೇಗಿಲಿಗೆ ಕುಳವೇ ಇಲ್ಲ. ಅಮೆರಿಕದಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ 1797ರಲ್ಲಿ ಒಂದೇ ಎರಕದ ನೇಗಿಲು ಮಾಡಿದಾಗ ಇದೇ ತೊಡಕಾಗಿತ್ತು: ಒಂದು ಮೂಲೆ ಮುರಿದರೆ ಇಡೀ ನೇಗಿಲು ಎಸೆಯಬೇಕಿತ್ತು. ಬಿಡಿಭಾಗ ಬದಲಿಸಬಹುದಾದ ನೇಗಿಲಿಗೆ ಜೆತ್ರೋ ವುಡ್ 1819ರಲ್ಲೇ ಪೇಟೆಂಟ್ ಪಡೆದರು. ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲಿನ ಕೆಲಸ ಆರಂಭಿಸಿ ನೂರಿಪ್ಪತ್ತು ವರ್ಷ ಸಂದಿವೆ. ಇಷ್ಟು ವರ್ಷಗಳ ಮೇಲೂ ಪಕ್ಕದ ತಾಲ್ಲೂಕಿನಲ್ಲಿ ಕೊಂಡ ಕುಳ ನಮ್ಮ ನೇಗಿಲಿಗೆ ಹೊಂದುವುದಿಲ್ಲ ಎನ್ನುವುದು ಸಲ್ಲದ ಮಾತು. ಎತ್ತಿನ ನೇಗಿಲಿಗೆ ಭಾರತೀಯ ಮಾನಕ ಬ್ಯೂರೋದ ಮಾನಕಗಳಿವೆ. ಅವು ಕಾಗದದಿಂದ ಅಂಗಡಿಗೆ ಇಳಿಯಬೇಕು. ಬೋಲ್ಟಿನ ತಲೆ ಕುಳದ ಮೇಲ್ಮೈಗೆ ಸಮನಾಗಿ ಕೂರುವಂಥದ್ದಾಗಿರಲಿ, ಕತ್ತು ಚೌಕವಾಗಿರಲಿ. ಉಬ್ಬಿದ ತಲೆಗೆ ಮಣ್ಣು ಕಟ್ಟುತ್ತದೆ. ಕುಳ ಮತ್ತು ರೆಕ್ಕೆ ಕೂಡುವ ಕಡೆ ರೆಕ್ಕೆಯ ಅಂಚು ಕುಳಕ್ಕಿಂತ ಒಂದು ಕೂದಲೆಳೆಯೂ ಮೇಲಿರಬಾರದು.

ಕಪ್ಪು ಮಣ್ಣಿನ ವಿಷಯ ಬೇರೆಯೇ ಪತ್ರಕ್ಕೆ ತಕ್ಕದ್ದು. ಇಷ್ಟನ್ನು ಮಾತ್ರ ಹೇಳುತ್ತೇವೆ: ಕೆಂಪು ಮಣ್ಣಿಗೆ ಮಾಡಿದ ರೆಕ್ಕೆಯನ್ನೇ ಧಾರವಾಡ, ಗದಗ, ವಿಜಯಪುರಕ್ಕೂ ಕಳಿಸಬೇಡಿ. ಅಂಟು ಮಣ್ಣು ಇಡೀ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಗೆ ನಡುನಡುವೆ ಸಂದು ಬಿಟ್ಟ ಪಟ್ಟಿಪಟ್ಟಿಯ ರೆಕ್ಕೆ ಬೇಕು. ಒಡಲು ಒಂದೇ ಇದ್ದು ರೆಕ್ಕೆ ಮಾತ್ರ ಬದಲಾಗುವಂತೆ ತೂತುಗಳಿದ್ದರೆ ಎರಡು ನಕ್ಷೆ ಸಾಕು.

ಸಣ್ಣ ಟ್ರ್ಯಾಕ್ಟರಿನ ಎರಡು ಕುಳದ ನೇಗಿಲಿಗೂ ಸಂದು, ಉಕ್ಕು, ತೂತು ಈ ಮೂರೂ ಮಾತು ಹಾಗೆಯೇ ಅನ್ವಯಿಸುತ್ತವೆ. ಹೆಚ್ಚಿನದೊಂದೇ: ಕಲ್ಲು ತಾಗಿದಾಗ ತುಂಡಾಗಿ ನೇಗಿಲನ್ನು ಉಳಿಸಬೇಕಾದ ಶಿಯರ್ ಬೋಲ್ಟಿನ ದರ್ಜೆ ಯಾವುದೆಂದು ನೇಗಿಲಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಪದೇ ಪದೇ ಮುರಿಯುತ್ತದೆ ಎಂದು ಚಾಲಕರು ಹೆಚ್ಚು ಗಟ್ಟಿಯಾದ 8.8 ಅಥವಾ 10.9 ದರ್ಜೆಯದು ಹಾಕುತ್ತಾರೆ. ಬೋಲ್ಟ್ ಉಳಿಯುತ್ತದೆ, ಬೀಮ್ (ನೇಗಿಲಿನ ಮುಖ್ಯ ತೊಲೆ) ಬಾಗುತ್ತದೆ. ದರ್ಜೆ ಮತ್ತು ಅಳತೆಯನ್ನು ಬೀಮಿನ ಮೇಲೆ ಪಂಚ್ ಮಾಡಿಸಿ, ಹತ್ತು ಬೋಲ್ಟ್ ಜೊತೆಗೇ ಕೊಡಿಸಿ.

ಮಾನ್ಯರೇ, ಈ ಎಲ್ಲ ದೋಷಗಳೂ ಕಣ್ತಪ್ಪುವುದಕ್ಕೆ ಒಂದೇ ಕಾರಣವಿದೆ. ಮೇಳಗಳಲ್ಲಿ, ಪ್ರಾತ್ಯಕ್ಷಿಕೆಗಳಲ್ಲಿ ಓಡುವುದು ಹೊಸ ನೇಗಿಲು. ಹೊಸ ಕುಳ, ಬಿಗಿಯಾದ ಕೀಲು, ಮೊದಲೇ ಹದ ಬಂದ ಹೊಲ. ಅಲ್ಲಿ ಎಲ್ಲ ನೇಗಿಲೂ ಒಳ್ಳೆಯದೇ. ನಮ್ಮ ಮುಖ್ಯ ಬೇಡಿಕೆ ಇದು: ಸಹಾಯಧನದ ಪಟ್ಟಿಗೆ ಸೇರಿಸುವ ಮುನ್ನ ನೇಗಿಲು ಗರಸು ಮಿಶ್ರಿತ ಕೆಂಪು ಹೊಲದಲ್ಲಿ ಹತ್ತು ಎಕರೆ ಉಳಲಿ. ಶುರುವಿಗೂ ಕೊನೆಗೂ ಕುಳವನ್ನು ತೊಳೆದು, ಒಣಗಿಸಿ, ಗ್ರಾಂ ಲೆಕ್ಕದಲ್ಲಿ ತೂಗಿ. ತಳದ ಸಂದು, ಪಕ್ಕದ ಸಂದು, ಕೀಲಿನ ಸಡಿಲ ಅಳೆಯಿರಿ. ಸ್ಪ್ರಿಂಗ್ ತಕ್ಕಡಿಯನ್ನು ಸರಪಳಿಗೆ ಸಿಕ್ಕಿಸಿ ಎಳೆತ ಬರೆದುಕೊಳ್ಳಿ. ಮಣ್ಣಿನ ತೇವವನ್ನೂ ಅದೇ ಹೊತ್ತಿಗೆ ಬರೆಯಿರಿ, ಇಲ್ಲದಿದ್ದರೆ ಎಳೆತದ ಅಂಕಿಗೆ ಬೆಲೆ ಇಲ್ಲ. ಹತ್ತನೇ ಎಕರೆಯಲ್ಲೂ 12 ಸೆಂ.ಮೀ. ಆಳ ಹಿಡಿಯದ ನೇಗಿಲಿಗೆ ಸಾರ್ವಜನಿಕ ಹಣ ಹೋಗಬಾರದು. ಈ ಫಲಿತಾಂಶಗಳನ್ನು ಪ್ರತಿ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಅಂಟಿಸಿ.

ಜೊತೆಗೆ, ಒಪ್ಪಿತವಾದ ಮಾದರಿಯ ಪೂರ್ತಿ ನಕ್ಷೆಯನ್ನು, ಉಕ್ಕಿನ ದರ್ಜೆ ಮತ್ತು ತೂತಿನ ಅಳತೆ ಸಮೇತ, ಯಾರು ಬೇಕಾದರೂ ಬಳಸುವಂತೆ ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ. 1964ರಿಂದ ನಡೆಯುತ್ತಿರುವ ಕೃಷಿ ವಿಶ್ವವಿದ್ಯಾಲಯ ಬೆಂಗಳೂರಿನ ಜಿಕೆವಿಕೆ (ಗಾಂಧಿ ಕೃಷಿ ವಿಜ್ಞಾನ ಕೇಂದ್ರ) ಆವರಣದಲ್ಲಿ ಕೈಯಳತೆಯಲ್ಲೇ ಇದೆ. ನಕ್ಷೆ ಬರೆಯಲು, ಮಣ್ಣಿಗೆ ತಕ್ಕಂತೆ ತಿದ್ದಲು ಅಲ್ಲಿನ ಎಂಜಿನಿಯರುಗಳಿಗಿಂತ ಯೋಗ್ಯರು ಬೇರೆ ಬೇಕಿಲ್ಲ. ಪ್ರತಿ ನೇಗಿಲಿನ ಜೊತೆ ಎರಡು ಹೆಚ್ಚುವರಿ ಕುಳ, ಒಂದು ಹಿಮ್ಮಡಿ ತುಂಡು, ಒಂದು ಸೆಟ್ ಬೋಲ್ಟ್ ಕಡ್ಡಾಯವಾಗಲಿ. ಹೋಬಳಿಗೊಂದರಂತೆ ಕುಳದ ಆಕಾರದ ಉಕ್ಕಿನ ಅಚ್ಚುಪಟ್ಟಿಯನ್ನು ಕುಲುಮೆಗಳಿಗೆ ಕೊಡಿ. ಸವೆದ ಕುಳ ತಟ್ಟುವಾಗ ತುದಿಯನ್ನು ಎಷ್ಟು ಕೆಳಗೆ ಬಗ್ಗಿಸಬೇಕು ಎಂಬುದನ್ನು ಅಂದಾಜಿಗೆ ಬಿಡದೆ ಆ ಪಟ್ಟಿಗೆ ಹಿಡಿದು ನೋಡಿದರೆ ಸಂದು ತಪ್ಪುವುದಿಲ್ಲ.

ಸವೆದ ಕುಳಗಳ ರಾಶಿಯೇ ನಮ್ಮ ಶೆಡ್ಡುಗಳಲ್ಲಿ ಬಿದ್ದಿದೆ. ತಾವು ದಿನ ಮತ್ತು ಜಾಗ ತಿಳಿಸಿದರೆ ಅವನ್ನು, ಸಡಿಲಗೊಂಡ ನಾಲ್ಕು ನೇಗಿಲುಗಳ ಸಮೇತ, ತಂದಿಡುತ್ತೇವೆ. ತಮ್ಮ ಕಡೆಯಿಂದ ಒಂದು ಸಪಾಟು ಗ್ರಾನೈಟ್ ಚಪ್ಪಡಿ ಸಿದ್ಧವಿರಲಿ. ಡ್ರಿಲ್ ಬಿಟ್ಟುಗಳನ್ನು ನಾವೇ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರು ಮತ್ತು ಸುತ್ತಲಿನ ನೇಗಿಲು ತಯಾರಿಕೆ, ರಿಪೇರಿ ಕೆಲಸದವರು